ಬಿಲಿರುಬಿನ್ ಕೇಳುವ ಕನಕಮ್ಮ

ಮುಕ್ಕುಂದದ ಕನಕಮ್ಮನಿಗೆ ಸೊಕ್ಕು ಜಾಸ್ತಿ ಎನ್ನುವವರಿದ್ದಾರೆ. ಅನ್ನಲಿ ಬಿಡಿ. ಸೊಕ್ಕು ಮಾಡುವುದಕ್ಕೂ ಏನಾದರೂ ಇರಬೇಕಲ್ಲ, ಆಕೆಯ ಬಳಿ ಇತ್ತು. ಸಿಂಧನೂರಿನ ಸುತ್ತ ಯಾರಿಗೇ ಕಾಮಣಿಯಾಗಲಿ, ಕಣ್ಣು ಹಳದಿಗಟ್ಟಿ ಅನ್ನದ ವಾಸನೆಗೇ ಹೊಟ್ಟೆ ತೊಳಸತೊಡಗಲಿ, ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಕನಕಮ್ಮನದು. ಮಸ್ಕಿಯಿಂದ, ಲಿಂಗಸುಗೂರಿನಿಂದ ಜನ ಬೈಕು, ಆಟೋ ಹತ್ತಿ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ತಲೆಗೆ ಎಣ್ಣೆ ಹಚ್ಚಿರಬಾರದು, ಕೈಯಲ್ಲೊಂದು ತೆಂಗಿನಕಾಯಿ ಇರಬೇಕು, ಅಷ್ಟೇ. ಜೇಬಿಗೆ ಕೈ ಹಾಕಿದವನನ್ನು ಆಕೆ ಗದರಿಸಿ ಅಂಗಳದಿಂದಲೇ ಹೊರಗೆ ಕಳಿಸುತ್ತಿದ್ದಳು. ಔಷಧ ಮಾರುವ ಮನೆತನ ಅದಲ್ಲ, ಕುರಿ ಕಾಯುವ ಮನೆತನ.

ಔಷಧ ಬಂದದ್ದು ಅತ್ತೆಯಿಂದ, ಅತ್ತೆಗೆ ಆಕೆಯ ಅತ್ತೆಯಿಂದ. ನೆಲನೆಲ್ಲಿಯನ್ನು ಬೇರುಸಹಿತ ಅರೆದು ಮಜ್ಜಿಗೆಯಲ್ಲಿ ಕುಡಿಸುವುದು ಒಂದು. ಆದರೆ ಜನ ಕಣ್ಣರಳಿಸಿ ನೋಡುತ್ತಿದ್ದದ್ದು ಅದನ್ನಲ್ಲ, ಗಂಗಾಳವನ್ನು. ಕನಕಮ್ಮ ಅರೆದ ಮಾವಿನ ತೊಗಟೆಯನ್ನು ರೋಗಿಯ ಎರಡೂ ಅಂಗೈಗೆ ತಿಕ್ಕುವಳು. ಆಮೇಲೆ ಅಗಲವಾದ ಗಂಗಾಳದಲ್ಲಿ ಸುಣ್ಣದ ನೀರು ಹಾಕಿ ಕೈ ತೊಳೆಯಲು ಹೇಳುವಳು. ಬೆಳ್ಳಗಿದ್ದ ನೀರು ನೋಡನೋಡುತ್ತ ಅರಿಷಿಣ ಕಲಸಿದ ಹಾಗಾಗುವುದು. “ಇಳೀತು ನೋಡ್ರಿ ಕಾಮಣಿ” ಎಂದು ಆಕೆ ಹೇಳಿದರೆ ಅಂಗಳದವರೆಲ್ಲ ಹಿಡಿದ ಉಸಿರು ಬಿಡುವರು. ಮೊದಲ ವಾರ ತೊಗಟೆ ಒಂದು ಹಿಡಿ, ಎರಡನೇ ವಾರ ಅರ್ಧ, ಮೂರನೇ ವಾರ ಚಿಟಿಕೆ. ಅದು ಅತ್ತೆ ಹಾಕಿಕೊಟ್ಟ ಪದ್ಧತಿ. ವಾರದಿಂದ ವಾರಕ್ಕೆ ನೀರಿನ ಹಳದಿಯೂ ಕಡಿಮೆಯಾಗುತ್ತ ಬರುವುದು. ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲು ಯಾರಿಂದಾದೀತು, ಹೇಳಿ.

ಬಿಲಿರುಬಿನ್ ಎಂಬ ಮಾತು ಈ ಮನೆಗೆ ಬಂದದ್ದು ಲಿಂಗಸುಗೂರಿನ ರಾಮಣ್ಣ ಮಾಸ್ತರರ ಕೈಯಲ್ಲಿ. ಅವರು ಬರುವ ಮೊದಲೇ ರಕ್ತ ತಪಾಸಣೆ ಮಾಡಿಸಿಕೊಂಡು ಬಂದಿದ್ದರು. “ಬಿಲಿರುಬಿನ್ ಒಂಬತ್ತು ಬಂದೈತ್ರಿ ಯಮ್ಮ” ಎಂದು ಸುಸ್ತಾದ ದನಿಯಲ್ಲಿ ಹೇಳಿದರು. ಕನಕಮ್ಮನಿಗೆ ತಿಳಿದದ್ದು ಒಂಬತ್ತು ಎಂಬುದು ಮಾತ್ರ. ಮೂರು ವಾರ ಕಳೆದ ಮೇಲೆ ಮಾಸ್ತರರು ಮತ್ತೊಂದು ಚೀಟಿ ತಂದು, “ಎರಡಕ್ಕ ಇಳದೈತಿ, ನಿಮ್ಮ ಕೈಗುಣ” ಎಂದಾಗ ಆಕೆ ಹಿಗ್ಗಿ ಹೀರೇಕಾಯಿಯಾದಳು. ಇಷ್ಟು ವರ್ಷ ತಾನು ಕಣ್ಣಿನ ರೆಪ್ಪೆ ಎಳೆದು ಅಂದಾಜು ಮಾಡುತ್ತಿದ್ದುದಕ್ಕೆ ಈಗೊಂದು ಅಳತೆ ಸಿಕ್ಕಿತ್ತು. ಅಂದಿನಿಂದ ಅಂಗಳಕ್ಕೆ ಬಂದವರಿಗೆಲ್ಲ ಮೊದಲ ಪ್ರಶ್ನೆ ಒಂದೇ: “ಬಿಲಿರುಬಿನ್ ಎಷ್ಟೈತಿ?”

ಮಾತು ಊರಿಗೂ ಹಬ್ಬಿತು. ಕಾಲುವೆಗೆ ನೀರು ಎಷ್ಟು ಬಂತು ಎಂದು ಕೇಳುವ ಹಾಗೆ ಜನ ಚಹಾದಂಗಡಿಯಲ್ಲಿ ಒಬ್ಬರ ಬಿಲಿರುಬಿನ್ ಇನ್ನೊಬ್ಬರಿಗೆ ಹೇಳತೊಡಗಿದರು. ಯಾರಾದರೂ ಮುಖ ಗಂಟಿಕ್ಕಿಕೊಂಡು ಕೂತಿದ್ದರೆ “ಯಾಕಲೇ, ಬಿಲಿರುಬಿನ್ ಏರೈತೇನು?” ಎಂದು ಕಿಚಾಯಿಸುವುದೂ ಶುರುವಾಯಿತು. ಆದರೆ ಅದು ಏನು, ಎತ್ತ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾತನ್ನು ಬಾಯಲ್ಲಿ ಇಟ್ಟುಕೊಂಡು ತಿರುಗುವುದು ಕನಕಮ್ಮನಿಗೆ ಸರಿಬರಲಿಲ್ಲ.

ಹಬ್ಬದ ದಿನ ಗಂಡ ಗ್ಯಾನಪ್ಪ ಅಂಗಳದಲ್ಲಿ ಕುರಿ ಹಸನು ಮಾಡುತ್ತಿದ್ದ. ಕನಕಮ್ಮ ಕಲೀಜದಿಂದ, ಅಂದರೆ ಅದರ ಯಕೃತ್ತಿನಿಂದ, ಪಿತ್ತದ ಚೀಲವನ್ನು ಒಡೆಯದ ಹಾಗೆ ಬಿಡಿಸುತ್ತಿದ್ದಳು. ಅಷ್ಟರಲ್ಲಿ ಕೆಳಗಿನ ಓಣಿಯ ಪದ್ಮಾವತಿ ಸ್ಕೂಟಿಯಲ್ಲಿ ಬಂದಳು. ಆಕೆ ಸಿಂಧನೂರಿನ ದವಾಖಾನೆಯಲ್ಲಿ ರಕ್ತ ತಪಾಸಣೆಯ ಕೆಲಸದಲ್ಲಿದ್ದಾಳೆ, ಊರಿನ ಅರ್ಧ ಜನರ ರಕ್ತ ಆಕೆಯ ಕಣ್ಣ ಮುಂದೆ ಹಾದು ಹೋಗಿದೆ.

“ನಿಲ್ಲ ಬೇ ಪದ್ಮಾ. ಆ ಬಿಲಿರುಬಿನ್ ಅಂದ್ರ ಏನಂತ ಹೇಳಿ ಹೋಗು.”

ಪದ್ಮಾವತಿ ಗಾಡಿ ನಿಲ್ಲಿಸಿ ನಕ್ಕಳು. “ಪಿತ್ತದಾಗಿನ ಬಣ್ಣ ಯಮ್ಮ. ಹಳದಿ ಬಣ್ಣ.”

“ಪಿತ್ತ ಇಲ್ಲೈತಿ ನೋಡು, ನನ್ನ ಕೈಯಾಗ. ಹಸರ ಐತಿ.” ಕನಕಮ್ಮ ಚೀಲ ಎತ್ತಿ ತೋರಿಸಿದಳು.

“ಹೆಸರಿನ ಅರ್ಥ ಕೇಳಿದ್ರ ಇನ್ನೂ ಜಗಳ ತೆಗೀತಿ. ಪರದೇಶದ ಹಳೇ ಭಾಷೆಯಾಗ ಬಿಲಿ ಅಂದ್ರ ಪಿತ್ತ, ರುಬಿನ್ ಅಂದ್ರ ಕೆಂಪ.”

“ಕೆಂಪ ಅಂತ ಹೆಸರಿಟ್ಟು, ಹಳದಿ ಅಂತ ಹೇಳಿ, ಒಳಗ ಹಸರ ಇಟ್ಟಾರೇನು? ಚಲೋ ಆತು.”

“ಮೂರೂ ಖರೆ ಯಮ್ಮ. ರಕ್ತದಾಗಿನ ಕೆಂಪು ಕಣ ಮುದಿ ಆಗಿ ಒಡೀತಾವಲ್ಲ, ಆ ಕೆಂಪು ಮೊದಲ ಹಸರ ಆಗತೈತಿ, ಆಮ್ಯಾಲೆ ಹಳದಿ. ಮೊಣಕಾಲಿಗೆ ಪೆಟ್ಟ ಬಿದ್ದಾಗ ನೋಡಿಲ್ಲೇನು? ಮೊದಲ ಕಪ್ಪಗ ಕಂದತೈತಿ, ಆಮ್ಯಾಲೆ ಹಸರ, ಕಡೀಕ ಹಳದಿ ಆಗಿ ಹೋಗತೈತಿ. ಅದೂ ಇದ. ದಿನಾ ನಮ್ಮೆಲ್ಲರ ಮೈಯಾಗೂ ಹುಟ್ಟತೈತಿ. ಕಲೀಜ ಅದನ್ನ ನೀರಾಗ ಕರಗುವಂಗ ಮಾಡಿ ಪಿತ್ತದ ಜೋಡಿ ಹೊರಗ ಹಾಕತೈತಿ. ಚೀಟ್ಯಾಗ ಡೈರೆಕ್ಟ್ ಅಂತ ಬರದಿರತೈತಲ್ಲ, ಅದು ಕಲೀಜ ಕೈ ಆಡಿಸಿ ಬಿಟ್ಟಿದ್ದು. ಇಂಡೈರೆಕ್ಟ್ ಅಂದ್ರ ಇನ್ನೂ ಕೈ ಹಚ್ಚದ್ದು. ಕಲೀಜ ಸೋತ್ರ, ಹಾದಿ ಕಟ್ಟಿದ್ರ, ಇಲ್ಲ ರಕ್ತ ಬಾಳ ಒಡದ್ರ ಮೈಯಾಗ ನಿಲ್ಲತೈತಿ. ಅದಕ್ಕ ನಾವು ಕಾಮಣಿ ಅಂತೀವಿ.”

ಕನಕಮ್ಮ ಕೈಯಲ್ಲಿದ್ದ ಕಲೀಜವನ್ನು ಹೊಸದಾಗಿ ಕಂಡವಳ ಹಾಗೆ ತಿರುಗಿಸಿ ನೋಡಿದಳು. ಜೀವಮಾನವೆಲ್ಲ ಕುರಿಯ ಕಲೀಜ ಕೊಯ್ದವಳಿಗೆ ಅದು ಮಾಡುವ ಕೆಲಸ ಇವತ್ತು ತಿಳಿಯಿತು.

“ಹಸಗೂಸಿಗೂ ಹಳದಿ ಬರತೈತಲ್ಲ?”

“ಬಾಳ ಕೂಸಿಗೆ ಬಂದು ಹೋಗತೈತಿ. ಕಲೀಜಕ್ಕ ಕೆಲಸ ಇನ್ನೂ ಹಿಡತ ಸಿಕ್ಕಿರೂದಿಲ್ಲ. ಆದ್ರ ಏರಿದ್ರ ಕೆಟ್ಟದ್ದು. ಆ ಕೈ ಹಚ್ಚದ ಬಿಲಿರುಬಿನ್ ಮಿದುಳಿಗೆ ಇಳೀತೈತಿ. ಕೂಸು ಜೀವದಿಂದ ಉಳದ್ರೂ ಕಿವಿ ಕೇಳಂಗಿಲ್ಲ, ಕೈಕಾಲು ಸ್ವಾಧೀನ ಇರಂಗಿಲ್ಲ. ಅಂಥ ಕೂಸಿಗೆ ನೀ ಔಷಧ ಕೊಡಬ್ಯಾಡ ಯಮ್ಮ, ಕೈ ಮುಗೀತೀನಿ.”

ಕೊಡಬೇಡ ಎಂದರೆ ಕನಕಮ್ಮನಿಗೆ ಮೂಗಿನ ತುದಿಗೇ ಸಿಟ್ಟು. “ನಿನ್ನ ಕೆಲಸ ನೀ ನೋಡು, ನನ್ನ ಕೆಲಸ ನನಗ ಬಿಡು” ಎಂದಳು. ಆದರೂ ಮುಂದಿನ ವಾರ ಸಂತೆಗೆ ಹೋದವಳು ದವಾಖಾನೆಗೆ ನುಗ್ಗಿ, “ನಂದೂ ನೋಡು” ಎಂದು ತೋಳು ಚಾಚಿದಳು. ಒಂದಕ್ಕಿಂತ ಕಡಿಮೆ ಬಂತು. ಪರೀಕ್ಷೆ ಪಾಸಾದವಳ ಹಾಗೆ ಊರೆಲ್ಲ ಹೇಳಿಕೊಂಡು ತಿರುಗಿದಳು. ಮಗ ಆಂಜನೇಯ ತಲೆ ಚಚ್ಚಿಕೊಂಡ.

ಈಗ ಅಂಜಲಿಯ ಮಾತಿಗೆ ಬರೋಣ. ಅಂಜಲಿ ಕನಕಮ್ಮನ ಒಬ್ಬಳೇ ಮಗಳು. ಮಸ್ಕಿಗೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸಿಂಧನೂರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಮನೆಗೆ ಕಳಿಸುವಾಗ ನರ್ಸಮ್ಮ, “ಕಣ್ಣು, ಮೈ ಹಳದಿ ಕಂಡ್ರ, ಕೂಸು ಹಾಲು ಬಿಟ್ರ ಕೂಡ್ಲೇ ಕರಕೊಂಡ ಬರ್ರಿ” ಎಂದಿದ್ದರು. ಬಾಣಂತಿಯ ಜೊತೆಗಿದ್ದ ಕನಕಮ್ಮ, ಹಳದಿಯ ವಿಷಯ ತನಗೇ ಹೇಳುತ್ತಾರಲ್ಲ ಎಂದು ಒಳಗೊಳಗೇ ನಕ್ಕಳು.

ಮನೆಗೆ ಬಂದ ಮೇಲೆ ಕೂಸಿನ ಮುಖ ಹಳದಿಯಾಯಿತು. ಮರುದಿನ ಹೊಟ್ಟೆಗೂ ಇಳಿಯಿತು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅಂಗಾಲಿನವರೆಗೂ ಬಂದಿತ್ತು. ಅಂಜಲಿ ಎದೆಗೆ ಹಿಡಿದರೆ ಕೂಸು ಎರಡು ಸಲ ಚೀಪಿ ಬಾಯಿ ಬಿಟ್ಟು ನಿದ್ದೆಗೆ ಜಾರುತ್ತಿತ್ತು. “ಯವ್ವಾ, ಇದು ಅಳವಲ್ದು” ಎಂದು ಅಂಜಲಿ ಹೇಳಿದಾಗ ಕನಕಮ್ಮನಿಗೆ ಪದ್ಮಾವತಿಯ ಮಾತು ನೆನಪಾಯಿತು.

ಆದರೆ ಅವತ್ತು ಭಾನುವಾರ. ಅಂಗಳದಲ್ಲಿ ಜನ ತೆಂಗಿನಕಾಯಿ ಹಿಡಿದು ಕೂತಿದ್ದರು. ಮಸ್ಕಿಯಿಂದ ಬೀಗತಿ ಗಂಗಾದೇವಿ ಮೊಮ್ಮಗಳನ್ನು ನೋಡಲು ಬಂದಿದ್ದಳು. ಒಳ್ಳೆಯ ಹೆಂಗಸು, ಕನಕಮ್ಮನ ಕೈಗುಣವೆಂದರೆ ಆಕೆಗೆ ದೇವರ ಮೇಲಿನಷ್ಟೇ ನಂಬಿಕೆ.

“ದವಾಖಾನಿಗೆ ತೋರಸೂನು ಅನಸತೈತ್ರಿ” ಎಂದು ಕನಕಮ್ಮ ಮೆಲ್ಲಗೆ ಬಾಯಿ ಬಿಟ್ಟಳು.

“ಏನ ಮಾತಾಡ್ತೀರಿ ಬೀಗರ. ನಿಮ್ಮ ಕೈಯಾಗ ಇಡೀ ತಾಲೂಕ ಹಸನಾಗೈತಿ. ನಿಮ್ಮ ಮೊಮ್ಮಗಳನ್ನ ನೀವ ದವಾಖಾನಿಗೆ ಒಯ್ದ್ರ, ಇಲ್ಲಿ ಕುಂತ ಮಂದಿ ಏನಂತಾರ? ಮೊದಲ ನೀವು ನೀರಾಗ ನೋಡ್ರಿ.”

ಅಂಗಳದ ಜನವೂ ಹೌದೆಂದು ತಲೆಯಾಡಿಸಿದರು. ಗಂಗಾದೇವಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಈಗ ಎದ್ದು ಹೋದರೆ ಇಷ್ಟು ವರ್ಷ ಈ ಮನೆಯ ಹೆಂಗಸರು ಗಳಿಸಿದ ಹೆಸರು ಇದೇ ಅಂಗಳದಲ್ಲಿ ಬಿದ್ದುಹೋಗುತ್ತದೆ. ಹೋಗದಿದ್ದರೆ ಕೂಸು. ಎರಡರ ನಡುವೆ ನಿಂತು ಕನಕಮ್ಮ, ನೀರಿನಲ್ಲಿ ನೋಡಿಬಿಡೋಣ, ಹೆಚ್ಚು ಹಳದಿ ಬಂದರೆ ಹೊರಡೋಣ ಎಂದು ತೀರ್ಮಾನಿಸಿದಳು.

ಗಂಗಾಳಕ್ಕೆ ಸುಣ್ಣದ ನೀರನ್ನು ತೆಳ್ಳಗೆ ಹಾಕಿದಳು. ಹಸುಗೂಸಿನ ಚರ್ಮಕ್ಕೆ ತೊಗಟೆ ತಿಕ್ಕಿದರೆ ತರಚೀತು ಎಂದು ಅದನ್ನು ಬಿಟ್ಟಳು. ಗಂಗಾದೇವಿಯ ತೊಡೆಯ ಮೇಲಿದ್ದ ಕೂಸಿನ ಪುಟ್ಟ ಕೈಗಳನ್ನು, ತನ್ನ ಕೈ ತಾಗದ ಹಾಗೆ, ಅರಿವೆಯಲ್ಲಿ ಹಿಡಿದು ನೀರಿನಲ್ಲಿ ಅದ್ದಿದಳು. ನೀರು ಬೆಳ್ಳಗೇ ಉಳಿಯಿತು.

“ಇಲ್ಲ ನೋಡ್ರಿ, ಕಾಮಣಿ ಇಲ್ಲ” ಎಂದು ಗಂಗಾದೇವಿ ಕೂಸಿನ ಕೈ ಒರೆಸಿ ಮುದ್ದಿಟ್ಟಳು. ಅಂಗಳದಲ್ಲಿ ಸಮಾಧಾನದ ಗುಜುಗುಜು ಎದ್ದಿತು. ಕನಕಮ್ಮನಿಗೂ ಒಂದು ಗಳಿಗೆ ಹಾಯೆನಿಸಿತು. ನಸುಕಿನಿಂದ ತೊಗಟೆ ಅರೆದ ಕೈ ಅಂಟಂಟಾಗಿತ್ತು. ಅದೇ ನೀರಿನಲ್ಲಿ ಕೈ ತೊಳೆದಳು.

ನೀರು ಹಳದಿಯಾಯಿತು.

ಎಂಥ ಹಳದಿ ಎನ್ನುತ್ತೀರಿ. ಮೊದಲ ವಾರದ ರೋಗಿಗೆ ಬರುವಂಥ ಗಟ್ಟಿ ಹಳದಿ. ಕನಕಮ್ಮ ಗಂಗಾಳ ನೋಡಿದಳು, ತನ್ನ ಕೈ ನೋಡಿಕೊಂಡಳು, ಬೀಗತಿಯ ತೊಡೆಯ ಮೇಲೆ ಅರಿಷಿಣದ ಕೊಂಬಿನಂತೆ ಮಲಗಿದ್ದ ಕೂಸನ್ನು ನೋಡಿದಳು. ತನ್ನ ಮೈಯಲ್ಲಿ ಬಿಲಿರುಬಿನ್ ಒಂದೂ ಇಲ್ಲ, ನೀರು ಹಳದಿ. ಕೂಸಿನ ಮೈಯೆಲ್ಲ ಹಳದಿ, ನೀರು ಬೆಳ್ಳಗೆ. ಹಾಗಾದರೆ ಇಷ್ಟು ದಿನ ಗಂಗಾಳಕ್ಕೆ ಇಳಿಯುತ್ತಿದ್ದದ್ದು ಕಾಮಣಿಯಲ್ಲ, ತೊಗಟೆ. ಹಿಡಿ ಹಾಕಿದರೆ ಹೆಚ್ಚು, ಚಿಟಿಕೆ ಹಾಕಿದರೆ ಕಡಿಮೆ. ಅತ್ತೆಗೆ ಇದು ಗೊತ್ತಿತ್ತೋ ಇಲ್ಲವೋ ಎಂದು ಯೋಚಿಸುವಷ್ಟು ಪುರಸೊತ್ತು ಈಗ ಇರಲಿಲ್ಲ.

“ಆಂಜನೇಯ, ಆಟೋ ತೆಗಿ” ಎಂದಳು.

“ಬೀಗರ, ನೀರಾಗ ಏನೂ ಬರಲಿಲ್ಲಲ್ರಿ” ಎಂದು ಗಂಗಾದೇವಿ ಗಾಬರಿಯಾದಳು.

“ನೀರು ಸುಳ್ಳು ಹೇಳಾಕತ್ತೈತಿ. ಕೂಸಿನ ಅಂಗಾಲು ನೋಡ್ರಿ.” ಕನಕಮ್ಮ ಅಂಗಳದ ಕಡೆ ತಿರುಗಿದಳು. “ಇವತ್ತ ಔಷಧ ಇಲ್ಲ, ಎಲ್ಲಾರೂ ಹೋಗ್ರಿ. ನನ್ನ ಮೊಮ್ಮಗಳನ್ನ ಸಿಂಧನೂರ ದವಾಖಾನಿಗೆ ಒಯ್ಯಾಕತ್ತೀನಿ.”

ಯಾರೂ ಏಳಲಿಲ್ಲ. ಯಾರೋ ಹಿಂದಿನಿಂದ, ತನ್ನ ಮನೆಯ ಕೂಸಿಗೇ ಈಕೆಯ ಔಷಧ ಹತ್ತಲಿಲ್ಲವಂತೆ ಎಂದು ನಕ್ಕದ್ದು ಆಕೆಯ ಕಿವಿಗೆ ಬಿತ್ತು. ಬೇರೆ ದಿನವಾಗಿದ್ದರೆ ಅವನ ಜನ್ಮ ಜಾಲಾಡಿಬಿಡುತ್ತಿದ್ದಳು. ಅವತ್ತು ಕೂಸನ್ನು ಎದೆಗವಚಿ, ಅಂಜಲಿಯ ತೋಳು ಹಿಡಿದು, ಅವರ ನಡುವಿನಿಂದಲೇ ತಲೆ ಎತ್ತಿಕೊಂಡು ಹೊರಗೆ ಬಂದಳು.

ದವಾಖಾನೆಯಲ್ಲಿ ಪದ್ಮಾವತಿಯೇ ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದಳು. ಹಿಮ್ಮಡಿ ಚುಚ್ಚಿದಾಗ ಕೂಸು ಅಳಲಿಲ್ಲ, ಬರೀ ಮುಖ ಕಿವುಚಿತು. ಅದನ್ನು ಕಂಡು ಅಂಜಲಿ ಗೋಡೆಗೆ ಒರಗಿ ಅತ್ತಳು. ಬಿಲಿರುಬಿನ್ ಇಪ್ಪತ್ತರ ಹತ್ತಿರ ಬಂದಿತ್ತು, ಅದರಲ್ಲಿ ಬಹುಪಾಲು ಕಲೀಜ ಇನ್ನೂ ಕೈ ಹಚ್ಚದ್ದು. ತಾಯಿಯ ರಕ್ತದ ಗುಂಪೂ ಕೂಸಿನದೂ ಹೊಂದದೆ ಕೂಸಿನ ರಕ್ತ ಬೇಗ ಬೇಗ ಒಡೆಯುತ್ತಿತ್ತು. ಡಾಕ್ಟರಮ್ಮ ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿಸಿ ನೀಲಿ ದೀಪದ ಕೆಳಗೆ ಮಲಗಿಸಿದರು. ಆ ಬೆಳಕು ಚರ್ಮದೊಳಗಿನ ಬಿಲಿರುಬಿನ್ನಿನ ರೂಪವನ್ನೇ ಬದಲಿಸುತ್ತದೆ, ಆಗ ಅದು ಕಲೀಜದ ಹಂಗಿಲ್ಲದೆ ನೀರಿನಲ್ಲಿ ಕರಗಿ ಹೊರಗೆ ಹೋಗುತ್ತದೆ ಎಂದು ಪದ್ಮಾವತಿ ಹೇಳಿದಳು. ಇಳಿಯದಿದ್ದರೆ ರಾಯಚೂರಿಗೆ ಒಯ್ದು ಕೂಸಿನ ರಕ್ತವನ್ನೇ ಬದಲಿಸಬೇಕಾದೀತು ಎಂದೂ ಹೇಳಿದಳು.

ಕನಕಮ್ಮ ಗಾಜಿನ ಹೊರಗೆ ಕೂತಳು. ಊಟ ಬೇಡವೆಂದಳು, ಮನೆಗೆ ಹೋಗು ಎಂದ ಮಗನಿಗೆ ಬೈದಳು. ಮರುದಿನ ಸಂಜೆ ಪದ್ಮಾವತಿ ಬಂದು, ಬಿಲಿರುಬಿನ್ ಹದಿಮೂರಕ್ಕೆ ಇಳಿದಿದೆ, ರಾಯಚೂರಿನ ಮಾತಿಲ್ಲ ಎಂದಳು. ಅದೇ ಹೊತ್ತಿಗೆ ಒಳಗಿನಿಂದ ಕೂಸು ಕಿಟಾರನೆ ಕಿರುಚಿಕೊಂಡಿತು. ಹಸಿವಿನ ಅಳು. ಕನಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಬಾಯಿ ಜೋರಿನ ಆ ಹೆಂಗಸು ಅತ್ತದ್ದನ್ನು ಪದ್ಮಾವತಿ ಅದೇ ಮೊದಲು ನೋಡಿದ್ದು. ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

ಕೂಸು ಕೆಂಪಗೆ, ಗಟ್ಟಿಯಾಗಿ ಮನೆಗೆ ಬಂತು. ಇನ್ನು ಭಾನುವಾರ ಅಂಗಳಕ್ಕೆ ಒಂದು ನಾಯಿಯೂ ಬರುವುದಿಲ್ಲ ಎಂದುಕೊಂಡು ಕನಕಮ್ಮ ಗಂಗಾಳವನ್ನು ತೊಳೆದು ರೊಟ್ಟಿ ಹಿಟ್ಟು ನಾದಲು ಇಟ್ಟುಕೊಂಡಳು. ಆದರೆ ಜನರ ಬಾಯಿ ಕೇಳಬೇಕೇ? ಭಾನುವಾರ ಬಾಗಿಲು ತೆಗೆದರೆ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಬೀಗತಿ ಗಂಗಾದೇವಿ ಮಸ್ಕಿಗೆ ಹೋಗಿ, ಮೊಮ್ಮಗಳು ಉಳಿದ ಸಂತೋಷದಲ್ಲಿ ಒಂದಕ್ಕೆರಡು ಸೇರಿಸಿ ಹೇಳಿಬಿಟ್ಟಿದ್ದಳು. ಸಾಯುತ್ತಿದ್ದ ಕೂಸಿನ ಕೈಯನ್ನು ಕನಕಮ್ಮ ನೀರಲ್ಲಿ ಅದ್ದಿದಳು, ಕೂಸು ಉಳಿಯಿತು, ದವಾಖಾನೆಯವರೇ ದಂಗಾದರು. ಸುದ್ದಿ ಹೀಗೆ ಲಿಂಗಸುಗೂರಿನವರೆಗೂ ಮುಟ್ಟಿತ್ತು. ಕನಕಮ್ಮನ ಹೆಸರು ಹಿಂದೆಂದೂ ಇಷ್ಟು ದೊಡ್ಡದಾಗಿರಲಿಲ್ಲ. ಸುಮ್ಮನೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಎಲ್ಲರಿಗಿಂತ ಮುಂದೆ ಗೊರೇಬಾಳದ ಜಂಬಮ್ಮ ಕೂತಿದ್ದಳು. ಆಕೆಯ ಮಡಿಲಲ್ಲಿ ಅರಿವೆ ಸುತ್ತಿದ ಹಸುಗೂಸು, ಮೊಮ್ಮಗ. ಕಣ್ಣು ಹಳದಿ.

“ನಿಮ್ಮ ಮೊಮ್ಮಗಳಿಗೆ ಮಾಡಿದ್ದನ್ನ ಇವಂಗೂ ಮಾಡ್ರಿ ಯಮ್ಮ” ಎಂದು ಜಂಬಮ್ಮ ಕೂಸನ್ನು ಮುಂದೆ ಚಾಚಿದಳು.

ಕನಕಮ್ಮ ಅರಿವೆ ಬಿಚ್ಚಿ ಕೂಸಿನ ಎದೆ ನೋಡಿದಳು, ಹೊಟ್ಟೆ ನೋಡಿದಳು, ಕಾಲು ನೋಡಿದಳು. ಆಮೇಲೆ ಎದ್ದು ನಿಂತು ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದಳು.

“ಗಂಗಾದೇವಿ ನನ್ನ ಮ್ಯಾಲಿನ ಪ್ರೀತಿಗೆ ಹೇಳ್ಯಾಳ. ನನ್ನ ಮೊಮ್ಮಗಳನ್ನ ಉಳಿಸಿದ್ದು ನನ್ನ ಕೈ ಅಲ್ಲ, ದವಾಖಾನ್ಯಾಗಿನ ಬೆಳಕು. ಗಂಗಾಳದ ಹಳದಿ ತೊಗಟೀದು, ಕಾಮಣೀದು ಅಲ್ಲ. ನಂಬಿಕಿ ಇಲ್ಲಂದ್ರ ನಿಮ್ಮ ಕೈಗೆ ನೀವ ತಿಕ್ಕಿ ತೊಳದ ನೋಡ್ರಿ. ದೊಡ್ಡವರು ಮೊದಲ ರಕ್ತ ತೋರಸ್ರಿ, ಚೀಟಿ ತರ್ರಿ, ಆಮ್ಯಾಲೆ ಮಜ್ಜಿಗಿ, ಪಥ್ಯ ನಾ ಹೇಳತೀನಿ. ಕೂಸುಗಳನ್ನ ಒಂದ್ ಗಳಿಗೀನೂ ಇಲ್ಲಿ ಕುಂದರಸಬ್ಯಾಡ್ರಿ. ಇದನ್ನ ಹೇಳಾಕ ನನಗ ನಾಚಿಕಿ ಇಲ್ಲ.”

ಜಂಬಮ್ಮ ಕೂಸನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. “ದವಾಖಾನಿಗೆ ಒಬ್ಬಾಕಿ ಹೆಂಗ ಹೋಗಲಿ? ನನಗ ಅಲ್ಲಿ ಮಾತಾಡಾಕ ಬರಂಗಿಲ್ಲ” ಎಂದಳು.

“ನಾ ಬರ್ತೀನಿ ನಡಿ” ಎಂದು ಕನಕಮ್ಮ ಚಪ್ಪಲಿ ಮೆಟ್ಟಿದಳು.

ಸಿಂಧನೂರಿನ ದವಾಖಾನೆಯ ಕಿಟಕಿಯಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ತಲೆ ಎತ್ತದೆ, “ಯಾವ ಡಾಕ್ಟರ್ ಕಳಿಸ್ಯಾರ?” ಎಂದು ಕೇಳಿದಳು. ಜಂಬಮ್ಮ ಕನಕಮ್ಮನ ಮುಖ ನೋಡಿದಳು. ಹಿಂದೆ ಸಾಲಿನಲ್ಲಿ ನಿಂತವರಲ್ಲಿ ಅರ್ಧ ಜನ ಆಕೆಯ ಅಂಗಳದಲ್ಲಿ ಒಂದಲ್ಲ ಒಂದು ದಿನ ಕೈ ತೊಳೆದವರೇ. ಕನಕಮ್ಮ ಸೆರಗು ಸರಿಮಾಡಿಕೊಂಡು ಕಿಟಕಿಗೆ ಮುಖ ಕೊಟ್ಟಳು.

“ಡಾಕ್ಟರ್ ಅಲ್ಲ. ಮುಕ್ಕುಂದದಾಗ ಕಾಮಣಿಗೆ ಔಷಧ ಕೊಡೂ ಕನಕಮ್ಮ ಕಳಿಸ್ಯಾಳ ಅಂತ ಬರಿ. ಮತ್ತ ಮೊದಲ ಬಿಲಿರುಬಿನ್ ನೋಡ್ಬೇಕಂತ ಹೇಳ್ಯಾಳ, ಅದನ್ನೂ ಬರಿ.”